ಕ್ಯಾಪ್ಸ್ ಲಾಕ್ ಆನ್ ಆಗಿಯೇ ಇತ್ತು! ಈಗೇನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಂಡದ್ದು ಒಂದೇ ವಿಷಯ. ಇಂಗ್ಲಿಷ್ ಬರಹವನ್ನು ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ, ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೆ ಬದಲಿಸುವ ಉಚಿತ ಆನ್‌ಲೈನ್ ಟೂಲ್‌ಗಳು. ನಾನು 18 ವರ್ಷ ಪ್ರೂಫ್ ನೋಡುವ ಕೆಲಸ ಮಾಡಿದವಳು. ಈ ಟೂಲ್‌ಗಳನ್ನು ದಿನಕ್ಕೆ ಹತ್ತು ಸಲ ಬಳಸಿದ್ದೇನೆ. ಅವು ನನ್ನ ಬೆರಳುಗಳನ್ನು ಉಳಿಸಿವೆ. ಒಂದೆರಡು ಸಲ ದೊಡ್ಡ ತಪ್ಪಿಗೂ ತಳ್ಳಿವೆ. ಎರಡನ್ನೂ ಹೇಳುತ್ತೇನೆ.

ಪ್ರಶ್ನೆ: ಒಂಬತ್ತು ಪುಟದ ಇಂಗ್ಲಿಷ್ ವರದಿ ಟೈಪ್ ಮಾಡಿದೆ. ಕಣ್ಣು ಕೀಬೋರ್ಡ್ ಮೇಲೇ ಇತ್ತು. ತಲೆ ಎತ್ತಿ ನೋಡಿದರೆ ಕ್ಯಾಪ್ಸ್ ಲಾಕ್ ಆನ್ ಆಗಿದೆ. ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕೇ?

ಬೇಡ. ಒಂದು ಸಾಲನ್ನೂ ಮತ್ತೆ ಟೈಪ್ ಮಾಡಬೇಡಿ. ಆದರೆ ಟೂಲ್ ತೆರೆಯುವ ಮೊದಲು ನಿಮ್ಮ ಬರಹವನ್ನು ಒಮ್ಮೆ ಹತ್ತಿರದಿಂದ ನೋಡಿ. ವಾಕ್ಯದ ಮೊದಲ ಅಕ್ಷರ ಹೇಗಿದೆ? ಊರಿನ ಹೆಸರು, ಮನುಷ್ಯರ ಹೆಸರಿನ ಮೊದಲ ಅಕ್ಷರ ಹೇಗಿದೆ?

ಅವು ಸಣ್ಣದಾಗಿದ್ದು, ಉಳಿದದ್ದೆಲ್ಲ ದೊಡ್ಡದಾಗಿದ್ದರೆ ನೀವು ಬಚಾವ್. ಅಂದರೆ ನೀವು ಅಭ್ಯಾಸದಂತೆ ಶಿಫ್ಟ್ ಒತ್ತುತ್ತಲೇ ಇದ್ದಿರಿ. ಕ್ಯಾಪ್ಸ್ ಲಾಕ್ ಆನ್ ಇದ್ದಾಗ ಶಿಫ್ಟ್ ಒತ್ತಿದರೆ ವಿಂಡೋಸ್ ಕಂಪ್ಯೂಟರ್ ಸಣ್ಣಕ್ಷರ ಕೊಡುತ್ತದೆ. ಹಾಗಾಗಿ ನಿಮ್ಮ ಬರಹ ಸರಿಯಾದ ಬರಹದ ಪೂರ್ತಿ ತಿರುವುಮುರುವು, ಅಷ್ಟೆ. ಟೂಲ್‌ನಲ್ಲಿ ಇನ್ವರ್ಸ್ ಕೇಸ್ ಅಥವಾ ಟಾಗಲ್ ಕೇಸ್ ಎನ್ನುವ ಬಟನ್ ಇರುತ್ತದೆ. ಅದನ್ನು ಒತ್ತಿ. ದೊಡ್ಡದು ಸಣ್ಣದಾಗುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಹೆಸರುಗಳೂ ಸೇರಿ ಎಲ್ಲವೂ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಏನೂ ಕಳೆದುಹೋಗುವುದಿಲ್ಲ. ಈ ಬಟನ್ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಎಲ್ಲವೂ ದೊಡ್ಡಕ್ಷರವೇ ಆಗಿದ್ದರೆ ಕಷ್ಟ ಸ್ವಲ್ಪ ಜಾಸ್ತಿ. ಮ್ಯಾಕ್ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಅಲ್ಲಿ ಕ್ಯಾಪ್ಸ್ ಲಾಕ್ ಜೊತೆ ಶಿಫ್ಟ್ ಒತ್ತಿದರೂ ದೊಡ್ಡಕ್ಷರವೇ ಬರುತ್ತದೆ. ಆಗ ಸೆಂಟೆನ್ಸ್ ಕೇಸ್ ಬಟನ್ ಒತ್ತಿ. ಅದು ಎಲ್ಲವನ್ನೂ ಸಣ್ಣದು ಮಾಡಿ, ಪೂರ್ಣವಿರಾಮದ ನಂತರದ ಅಕ್ಷರವನ್ನು ಮಾತ್ರ ದೊಡ್ಡದು ಮಾಡುತ್ತದೆ. ಆದರೆ ಯಾವುದು ಹೆಸರು, ಯಾವುದು ಬರೀ ಪದ ಎಂದು ಅದಕ್ಕೆ ತಿಳಿಯದು. ಸೋಮವಾರ, ಜನವರಿ, ಭಾರತ, ನಿಮ್ಮ ಹೆಸರು ಎಲ್ಲವೂ ಸಣ್ಣಕ್ಷರದಲ್ಲಿ ಶುರುವಾಗುತ್ತವೆ. ನಾಸಾ, ಡಿಎನ್ಎ, ಯುನೆಸ್ಕೋ ತರಹದವೂ ಸಣ್ಣದಾಗಿಬಿಡುತ್ತವೆ. ಡಾಕ್ಟರ್ ಎನ್ನುವುದರ ಚಿಕ್ಕ ರೂಪದ ಮುಂದೆ ಚುಕ್ಕಿ ಇದ್ದರೆ, ಅಲ್ಲಿಗೆ ವಾಕ್ಯ ಮುಗಿಯಿತು ಎಂದುಕೊಳ್ಳುವ ಟೂಲ್‌ಗಳೂ ಇವೆ.

ನಾನು ಮಾಡುವುದು ಹೀಗೆ. ಬಟನ್ ಒತ್ತುವ ಮೊದಲೇ ಒಂದು ಹಾಳೆಯಲ್ಲಿ ಬರಹದಲ್ಲಿರುವ ಹೆಸರುಗಳನ್ನೆಲ್ಲ ಬರೆದುಕೊಳ್ಳುತ್ತೇನೆ. ಒಂಬತ್ತು ಪುಟಕ್ಕೆ ಇಪ್ಪತ್ತೋ ಮೂವತ್ತೋ ಸಿಗಬಹುದು. ಆಮೇಲೆ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಒಂದೊಂದನ್ನೇ ಸರಿಮಾಡುತ್ತೇನೆ. ಅಲ್ಲಿ ಮ್ಯಾಚ್ ಕೇಸ್ ಎನ್ನುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಕೊನೆಗೆ ಒಮ್ಮೆ ಪೂರ್ತಿ ಓದುತ್ತೇನೆ. ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತು. ವರದಿ ವರ್ಡ್‌ನಲ್ಲಿದ್ದರೆ ಆನ್‌ಲೈನ್‌ಗೆ ಹೋಗುವುದೇ ಬೇಡ. ಸಾಲುಗಳನ್ನು ಆಯ್ದು ಶಿಫ್ಟ್ ಜೊತೆ ಎಫ್3 ಒತ್ತಿ. ಒತ್ತಿದಂತೆಲ್ಲ ಅಕ್ಷರದ ರೂಪ ಬದಲಾಗುತ್ತದೆ. ಟಾಗಲ್ ಬೇಕಾದರೆ ಹೋಮ್ ಪಟ್ಟಿಯ ಚೇಂಜ್ ಕೇಸ್‌ನಲ್ಲಿದೆ. ಲಿಬ್ರೆ ಆಫೀಸ್‌ನಲ್ಲೂ ಶಿಫ್ಟ್, ಎಫ್3 ನಡೆಯುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಫಾರ್ಮ್ಯಾಟ್, ಟೆಕ್ಸ್ಟ್, ಕ್ಯಾಪಿಟಲೈಸೇಷನ್ ಎಂದು ಹೋಗಬೇಕು. ಹೀಗೆ ಮಾಡಿದರೆ ದಪ್ಪಕ್ಷರ, ಕೋಷ್ಟಕ ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಆನ್‌ಲೈನ್ ಟೂಲ್‌ಗೆ ಪೇಸ್ಟ್ ಮಾಡಿದರೆ ಸಾಮಾನ್ಯವಾಗಿ ಬರೀ ಅಕ್ಷರ ಮಾತ್ರ ವಾಪಸ್ ಬರುತ್ತದೆ.

ಪ್ರಶ್ನೆ: ಸಂಘದ ಸದಸ್ಯರ 400 ಹೆಸರು ನನ್ನ ಬಳಿ ಇದೆ. ಕೆಲವು ಪೂರ್ತಿ ದೊಡ್ಡಕ್ಷರ, ಕೆಲವು ಸಣ್ಣಕ್ಷರ. ಪ್ರತಿ ಪದದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಟೈಟಲ್ ಕೇಸ್ ಬಟನ್ ಒತ್ತಿದರೆ ಮುಗಿಯಿತಲ್ವಾ?

ಮುಕ್ಕಾಲು ಭಾಗ ಮುಗಿಯುತ್ತದೆ. ಉಳಿದ ಕಾಲು ಭಾಗದಲ್ಲಿ ಜನರಿಗೆ ನೋವಾಗುತ್ತದೆ. ತನ್ನ ಹೆಸರು ತಪ್ಪಾಗಿ ಅಚ್ಚಾದದ್ದನ್ನು ನೋಡಿದ ಮುಖಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲ ತೊಂದರೆ ಇನಿಷಿಯಲ್‌ಗಳದ್ದು. ಕೆ ಮತ್ತು ಎಸ್ ಅಕ್ಷರಗಳನ್ನು ಚುಕ್ಕಿ, ಜಾಗ ಇಲ್ಲದೆ ಒಟ್ಟಿಗೆ ಬರೆದಿದ್ದರೆ ಟೂಲ್ ಅದನ್ನು ಒಂದು ಪದ ಎಂದುಕೊಳ್ಳುತ್ತದೆ. ಕೆ ದೊಡ್ಡದಾಗಿ ಉಳಿಯುತ್ತದೆ, ಎಸ್ ಸಣ್ಣದಾಗುತ್ತದೆ. ಎರಡನೆಯದು, ನಡುವೆ ದೊಡ್ಡಕ್ಷರ ಇರುವ ಹೆಸರುಗಳು. ಮೆಕ್‌ಡೊನಾಲ್ಡ್ ಎನ್ನುವ ಹೆಸರಿನಲ್ಲಿ ಎಂ ದೊಡ್ಡದು, ಡಿ ಕೂಡ ದೊಡ್ಡದು. ಟೂಲ್ ಆ ಡಿಯನ್ನು ಸಣ್ಣದು ಮಾಡಿಬಿಡುತ್ತದೆ. ಮೂರನೆಯದು, ಮೇಲುಕೊಕ್ಕೆ, ಅಂದರೆ ಅಪಾಸ್ಟ್ರಫಿ ಇರುವ ಪದಗಳು. ಎಕ್ಸೆಲ್‌ನ ಪ್ರಾಪರ್ ಸೂತ್ರ ಅಕ್ಷರವಲ್ಲದ ಯಾವುದೇ ಗುರುತಿನ ನಂತರ ದೊಡ್ಡಕ್ಷರ ಹಾಕುತ್ತದೆ. ಓ ಆದಮೇಲೆ ಮೇಲುಕೊಕ್ಕೆ ಬರುವ ಓಬ್ರಿಯನ್ ಎನ್ನುವ ಹೆಸರಿಗೆ ಅದು ಒಳ್ಳೆಯದೇ. ಆದರೆ ಡೋಂಟ್ ಎಂದು ಬರೆದಲ್ಲಿ ಕೊನೆಯ ಟಿ ದೊಡ್ಡದಾಗಿ ನಿಂತುಬಿಡುತ್ತದೆ.

ಹಾಳೆ ಎಕ್ಸೆಲ್‌ನಲ್ಲಿದ್ದರೆ ಹಳೆಯ ಕಾಲಂ ಅಳಿಸಬೇಡಿ. ಪಕ್ಕದಲ್ಲಿ ಹೊಸ ಕಾಲಂ ಮಾಡಿ ಅಲ್ಲಿ ಪ್ರಾಪರ್ ಸೂತ್ರ ಹಾಕಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. 400 ಹೆಸರು ಒಂದು ಮಧ್ಯಾಹ್ನದ ಕೆಲಸ. ಸಂದೇಹ ಬಂದ ಹೆಸರಿದ್ದರೆ ಆ ವ್ಯಕ್ತಿಯನ್ನೇ ಕೇಳಿ.

ಪ್ರಶ್ನೆ: ಲೇಖನದ ತಲೆಬರಹಕ್ಕೂ ಟೈಟಲ್ ಕೇಸ್ ಸಾಕೇ?

ಟೂಲ್‌ನಿಂದ ಟೂಲ್‌ಗೆ ಬೇರೆ. ಕೆಲವು ಪ್ರತಿ ಪದದ ಮೊದಲ ಅಕ್ಷರವನ್ನೂ ದೊಡ್ಡದು ಮಾಡುತ್ತವೆ. ಕೆಲವು 'ಆಫ್', 'ದಿ', 'ಅಂಡ್' ತರಹದ ಚಿಕ್ಕ ಪದಗಳನ್ನು ಬಿಡುತ್ತವೆ. ಪದದ ಉದ್ದ ನೋಡಿ ಬಿಡುವ ಟೂಲ್ 'ಈಸ್' ಅನ್ನೂ ಸಣ್ಣದು ಮಾಡಬಹುದು. ಅದು ಎರಡೇ ಅಕ್ಷರದ ಪದ, ಆದರೆ ಕ್ರಿಯಾಪದ. ತಲೆಬರಹದಲ್ಲಿ ಅದು ದೊಡ್ಡಕ್ಷರದಲ್ಲೇ ಶುರುವಾಗಬೇಕು. ಒಂದೇ ಸಾಲು ತಾನೇ, ಕೈಯಲ್ಲೇ ಸರಿಮಾಡಿ.

ಪ್ರಶ್ನೆ: ಕನ್ನಡ ಬರಹ ಹಾಕಿ ಅಪ್ಪರ್ ಕೇಸ್ ಒತ್ತಿದೆ. ಒಂದು ಕಡತದಲ್ಲಿ ಏನೂ ಆಗಲಿಲ್ಲ. ಇನ್ನೊಂದು ಹಳೆಯ ಕಡತದಲ್ಲಿ ಎಲ್ಲವೂ ಕಲಸಿಹೋಯಿತು. ಏಕೆ?

ಈ ಪತ್ರ ಓದಿ ನನಗೆ ಖುಷಿಯಾಯಿತು, ಯಾಕೆಂದರೆ ಇದು ನಮ್ಮೆಲ್ಲರಿಗೂ ಗೊತ್ತಿರಬೇಕಾದ ವಿಷಯ.

ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎನ್ನುವ ಭೇದವೇ ಇಲ್ಲ. ಲ್ಯಾಟಿನ್, ಗ್ರೀಕ್, ಸಿರಿಲಿಕ್, ಅರ್ಮೇನಿಯನ್ ಲಿಪಿಗಳಲ್ಲಿ ಇದೆ. ದೇವನಾಗರಿ, ತಮಿಳು, ಅರಬಿ, ಹೀಬ್ರೂ, ಚೀನೀ ಲಿಪಿಗಳಲ್ಲಿ ಇಲ್ಲ. ಹಾಗಾಗಿ ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಪದ್ಧತಿಯಲ್ಲಿ ಬರೆದ ಕನ್ನಡದ ಮೇಲೆ ಯಾವ ಬಟನ್ ಒತ್ತಿದರೂ ಬರಹ ಇದ್ದ ಹಾಗೇ ಇರುತ್ತದೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದಷ್ಟೇ ಬದಲಾಗುತ್ತದೆ. ನಿಮ್ಮ ಮೊದಲ ಕಡತ ಯೂನಿಕೋಡ್‌ನದು.

ಎರಡನೆಯದು ನುಡಿ ಅಥವಾ ಬರಹ ಎನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದಿರಬೇಕು. ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಇತರ ಗುರುತುಗಳ ಸಂಕೇತ ಸಂಖ್ಯೆ. ಒಂದು ದೊಡ್ಡಕ್ಷರದ ಜಾಗದಲ್ಲಿ ಒಂದು ಕನ್ನಡ ರೂಪ, ಅದೇ ಸಣ್ಣಕ್ಷರದ ಜಾಗದಲ್ಲಿ ಬೇರೆಯೇ ಕನ್ನಡ ರೂಪ. ಟೂಲ್ ಎಲ್ಲವನ್ನೂ ದೊಡ್ಡದು ಮಾಡಿದಾಗ ಪದಗಳೇ ಬೇರೆಯಾದವು. ಮತ್ತೆ ಲೋವರ್ ಕೇಸ್ ಒತ್ತಿದರೆ ಸರಿಯಾಗುವುದಿಲ್ಲ. ಯಾವುದು ಮೊದಲು ದೊಡ್ಡದಿತ್ತು ಎನ್ನುವ ನೆನಪು ಆ ಬರಹದಲ್ಲಿ ಉಳಿದಿಲ್ಲ. ಮೂಲ ಕಡತ ಹುಡುಕಿ. ಅದನ್ನು ಮೊದಲು ಆಸ್ಕಿ ಎಂದು ಕರೆಯುವ ಈ ಹಳೆಯ ಪದ್ಧತಿಯಿಂದ ಯೂನಿಕೋಡ್‌ಗೆ ಬದಲಿಸುವ ಟೂಲ್‌ಗೆ ಹಾಕಿ. ಉಳಿದದ್ದೆಲ್ಲ ಆಮೇಲೆ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರೂ ಎಚ್ಚರದಿಂದಿರಿ. ಬರಹ ತಂತ್ರಾಂಶದ ಆ ವಿಧಾನದಲ್ಲಿ ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ಸಣ್ಣ ಎನ್ ನ, ದೊಡ್ಡ ಎನ್ ಣ. ಹೀಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಕನ್ನಡವನ್ನು ಪೂರ್ತಿ ಸಣ್ಣದು ಮಾಡಿದರೆ ಬಳೆ ಬಲೆಯಾಗುತ್ತದೆ, ಹಣ ಹನವಾಗುತ್ತದೆ.

ಪ್ರಶ್ನೆ: ನನಗೆ 15 ವರ್ಷ. ಸಾವಿರ ಪದಗಳನ್ನು ಟೂಲ್ ಕ್ಷಣದಲ್ಲಿ ಹೇಗೆ ಬದಲಿಸುತ್ತದೆ?

ಕಂಪ್ಯೂಟರ್‌ಗೆ ಅಕ್ಷರ ಎಂದರೆ ಸಂಖ್ಯೆ. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ದೊಡ್ಡ ಎ 65, ಸಣ್ಣ ಎ 97. ದೊಡ್ಡ ಬಿ 66, ಸಣ್ಣ ಬಿ 98. ಯಾವ ಅಕ್ಷರ ತೆಗೆದುಕೊಂಡರೂ ನಡುವಿನ ಅಂತರ 32. ಕೂಡಿಸಿದರೆ ಸಣ್ಣದು, ಕಳೆದರೆ ದೊಡ್ಡದು.

ಇಂಗ್ಲಿಷ್ ದಾಟಿದರೆ ಇಷ್ಟು ಸುಲಭವಿಲ್ಲ. ಟರ್ಕಿ ಭಾಷೆಯಲ್ಲಿ ಎರಡು ಐ ಇವೆ, ಒಂದು ಚುಕ್ಕಿ ಇರುವುದು, ಒಂದು ಇಲ್ಲದ್ದು. ಚುಕ್ಕಿಯ ಸಣ್ಣ ಐ ದೊಡ್ಡದಾದಾಗಲೂ ಚುಕ್ಕಿ ಉಳಿಯಬೇಕು. ಜರ್ಮನ್‌ನ ಎಸ್‌ಟ್ಸೆಟ್ ಎನ್ನುವ ಅಕ್ಷರ ದೊಡ್ಡದಾದರೆ ಸಾಮಾನ್ಯವಾಗಿ ಎರಡು ದೊಡ್ಡ ಎಸ್ ಆಗುತ್ತದೆ. ಅದರ ದೊಡ್ಡ ರೂಪಕ್ಕೆ ಜರ್ಮನ್ ಬರವಣಿಗೆಯ ನಿಯಮದಲ್ಲಿ ಜಾಗ ಸಿಕ್ಕಿದ್ದು 2017ರಲ್ಲಿ. ಆ ಎರಡು ಎಸ್‌ಗಳನ್ನು ಮತ್ತೆ ಸಣ್ಣದು ಮಾಡಿದರೆ ಎರಡು ಸಣ್ಣ ಎಸ್ ಬರುತ್ತವೆ. ಮೂಲ ಅಕ್ಷರ ಬರುವುದಿಲ್ಲ.

ಪ್ರಶ್ನೆ: ಮೂಲ ಬರಹ ಉಳಿಸಿಕೊಳ್ಳಿ ಎಂದು ಪದೇಪದೇ ಹೇಳುತ್ತೀರಿ. ಅಷ್ಟೊಂದು ಮುಖ್ಯವೇ?

ಹೌದು. ನಾನು ಕೆಲಸಕ್ಕಿದ್ದ ಕಡೆ ಒಂದು ವಿಜ್ಞಾನ ಕೈಪಿಡಿ ಬಂದಿತ್ತು. ಕೋಷ್ಟಕಗಳೆಲ್ಲ ದೊಡ್ಡಕ್ಷರದಲ್ಲಿರಲಿ ಎಂದರು. ನಾನು ಪೂರ್ತಿ ಕೋಷ್ಟಕ ಆಯ್ದು ಬಟನ್ ಒತ್ತಿದೆ, ಅದೇ ಕಡತದ ಮೇಲೆ ಉಳಿಸಿದೆ. ಅದರಲ್ಲಿ ಲೇಸರ್ ಪಾಯಿಂಟರ್‌ನ ಶಕ್ತಿ 5 ಮಿಲಿವ್ಯಾಟ್ ಎಂದಿತ್ತು. ಮಿಲಿವ್ಯಾಟ್‌ಗೆ ಸಣ್ಣ ಎಂ, ಮೆಗಾವ್ಯಾಟ್‌ಗೆ ದೊಡ್ಡ ಎಂ. ನನ್ನ ಒಂದು ಒತ್ತಿಗೆ ಅದು 50 ಲಕ್ಷ ವ್ಯಾಟ್ ಆಯಿತು. ಅಂದರೆ ನೂರು ಕೋಟಿ ಪಟ್ಟು ಹೆಚ್ಚು. ಅದೇ ಪುಟದಲ್ಲಿ ಕೋಬಾಲ್ಟ್ ಇತ್ತು. ಅದರ ಗುರುತಿನಲ್ಲಿ ಸಿ ದೊಡ್ಡದು, ಓ ಸಣ್ಣದು. ಎರಡೂ ದೊಡ್ಡದಾದಾಗ ಅದು ಕಾರ್ಬನ್ ಮೋನಾಕ್ಸೈಡ್. ಕೊನೆಯ ಪ್ರೂಫ್‌ನಲ್ಲಿ ಸಿಕ್ಕಿತು. ಮೂಲ ಇಲ್ಲದ ಕಾರಣ ಲೇಖಕರ ಕೈಬರಹ ತರಿಸಿ, ಒಂದೊಂದೇ ಸಾಲು ಹೋಲಿಸಿ ಸರಿಮಾಡಿದೆ. ಎರಡು ರಾತ್ರಿ ಹಿಡಿಯಿತು.

ಲಿಂಕ್‌ಗಳಿಗೂ ಇದೇ ಗತಿ. ವೆಬ್‌ಸೈಟ್ ಹೆಸರಿನ ಭಾಗ ಹೇಗೆ ಬರೆದರೂ ತೆರೆಯುತ್ತದೆ. ಆಮೇಲಿನ ಓರೆಗೆರೆಯ (ಸ್ಲ್ಯಾಶ್) ನಂತರದ ಭಾಗಕ್ಕೆ ದೊಡ್ಡದು, ಸಣ್ಣದು ಬೇರೆ ಬೇರೆಯಾಗಿರಬಹುದು. ಯೂಟ್ಯೂಬ್ ವಿಡಿಯೋದ 11 ಅಕ್ಷರದ ಗುರುತಿನಲ್ಲಿ ಒಂದು ಬದಲಾದರೂ ನಿಮ್ಮ ವಿಡಿಯೋ ಬರುವುದಿಲ್ಲ.

ಪ್ರಶ್ನೆ: ಉಚಿತ ಟೂಲ್‌ಗೆ ಆಫೀಸಿನ ಪತ್ರ ಪೇಸ್ಟ್ ಮಾಡಬಹುದೇ?

ಗುಟ್ಟಿನ ಪತ್ರವಾದರೆ ಬೇಡ. ಪಾಸ್‌ವರ್ಡ್, ಬ್ಯಾಂಕ್ ವಿವರ, ಯಾರದೋ ವೈದ್ಯಕೀಯ ವರದಿ ಖಂಡಿತ ಬೇಡ. ಕೆಲವು ಟೂಲ್‌ಗಳು ನಿಮ್ಮ ಬ್ರೌಸರ್ ಒಳಗೇ ಕೆಲಸ ಮುಗಿಸುತ್ತವೆ. ಕೆಲವು ಬರಹವನ್ನು ತಮ್ಮ ಸರ್ವರ್‌ಗೆ ಕಳಿಸುತ್ತವೆ. ಪುಟ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ, ಸುಮ್ನೆ ನಾಲ್ಕು ಪದ ಹಾಕಿ ಬಟನ್ ಒತ್ತಿ ನೋಡಿ. ಬದಲಾದರೆ ಕೆಲಸ ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಯುತ್ತಿದೆ ಎಂದರ್ಥ. ಆದರೂ ಗುಟ್ಟಿನದಕ್ಕೆ ವರ್ಡ್‌ನ ಶಿಫ್ಟ್, ಎಫ್3 ಇದ್ದೇ ಇದೆ.

ಪ್ರಶ್ನೆ: ನನ್ನ ತಂದೆ ಎಲ್ಲ ಇಂಗ್ಲಿಷ್ ಸಂದೇಶಗಳನ್ನೂ ದೊಡ್ಡಕ್ಷರದಲ್ಲೇ ಕಳಿಸುತ್ತಾರೆ. ಕೂಗಿದ ಹಾಗೆ ಅನಿಸುತ್ತದೆ. ಹೇಗೆ ಹೇಳಲಿ?

ಅವರು ಕೂಗುತ್ತಿಲ್ಲ. ದೊಡ್ಡಕ್ಷರ ಎಂದರೆ ಕೂಗು ಎನ್ನುವ ರೂಢಿ ಎಲ್ಲೆಡೆ ಹರಡಿದ್ದು ಇಂಟರ್ನೆಟ್ ಮಾತುಕತೆಯಿಂದ. ಅದಕ್ಕೂ ಮೊದಲು, ದೂರದಿಂದ ಬಂದ ಸಂದೇಶವನ್ನು ಅಚ್ಚು ಮಾಡುತ್ತಿದ್ದ ಎಷ್ಟೋ ಟೆಲಿಪ್ರಿಂಟರ್‌ಗಳಲ್ಲಿ ಸಣ್ಣಕ್ಷರವೇ ಇರಲಿಲ್ಲ. ಅಮೆರಿಕದ ಹವಾಮಾನ ಸೇವೆ ಆ ರೂಢಿಯಿಂದಲೇ ಮುನ್ಸೂಚನೆಗಳನ್ನು ದೊಡ್ಡಕ್ಷರದಲ್ಲಿ ಕಳಿಸುತ್ತಿತ್ತು. ಬಿಡಲು ಶುರುಮಾಡಿದ್ದು 2016ರಲ್ಲಿ.

ನಿಮ್ಮ ತಂದೆಗೆ ಬಹುಶಃ ಸಣ್ಣಕ್ಷರ ಕಣ್ಣಿಗೆ ಕಾಣುತ್ತಿಲ್ಲ. ಅವರ ಪಕ್ಕ ಕೂತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಎರಡು ಹಂತ ಹೆಚ್ಚಿಸಿ ಕೊಡಿ. ಆಮೇಲೆ ಅವರದೇ ಒಂದು ಸಂದೇಶವನ್ನು ಸಣ್ಣಕ್ಷರದಲ್ಲಿ ಬರೆದು ತೋರಿಸಿ. ಯಾವುದು ಓದಲು ಹಿತ ಎಂದು ಅವರನ್ನೇ ಕೇಳಿ. ದೊಡ್ಡಕ್ಷರವೇ ಸರಿ ಎಂದರೆ ಹಾಗೇ ಬಿಡಿ.