ಹುಟ್ಟದ ಮೊಮ್ಮಗುವಿಗೂ ಹಕ್ಕಿದೆಯಾ?

ಪ್ರಶ್ನೆ: ನಮ್ಮ ಮನೆ ಉಳ್ಳಾಲದ ಕಡಲ ಬದಿಯಲ್ಲಿದೆ. ಪ್ರತಿ ಮಳೆಗಾಲ ಕಡಲ್ಕೊರೆತಕ್ಕೆ ಒಂದೆರಡು ತೆಂಗಿನ ಮರ ಹೋಗುತ್ತವೆ. ಮಗಳು ಈಗ ಬಸುರಿ. ಇನ್ನೂ ಹುಟ್ಟದವರ ಪರವಾಗಿ ಅಂತಾರಾಷ್ಟ್ರೀಯ ಕಾನೂನು ಏನಾದರೂ ಹೇಳುತ್ತದಾ?

ಉತ್ತರ: ಹೇಳುತ್ತದೆ ಅಕ್ಕ, ಆದರೆ ನಾವು ಬಯಸುವಷ್ಟು ಗಟ್ಟಿಯಾಗಿ ಅಲ್ಲ. ಮುಂದಿನವರಿಗಾಗಿ ಪರಿಸರ ಕಾಪಾಡಬೇಕು ಅಂತ 1972ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಹೊರಡಿಸಿದ ಸ್ಟಾಕ್‌ಹೋಮ್ ಘೋಷಣೆಯಲ್ಲೇ ಇದೆ. ನನ್ನ ಮನಸ್ಸಿಗೆ ತಾಗಿದ್ದು ಫಿಲಿಪ್ಪೀನ್ಸ್‌ನ ಕೇಸು. ಅಲ್ಲಿ ಮಕ್ಕಳು, ಹೆತ್ತವರ ಮೂಲಕ, ಕಾಡು ಕಡಿಯುವ ಲೈಸೆನ್ಸ್ ರದ್ದು ಮಾಡಿ ಅಂತ ಕೋರ್ಟಿಗೆ ಹೋದರು, ತಮಗಾಗಿ ಮಾತ್ರ ಅಲ್ಲ, ಇನ್ನೂ ಹುಟ್ಟದವರಿಗಾಗಿಯೂ. ಹಾಗೆ ಕೇಳುವ ಹಕ್ಕು ಅವರಿಗಿದೆ ಅಂತ 1993ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಅದು ಒಂದು ದೇಶದ ಕೋರ್ಟು, ನಿಜ. ಆದರೆ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವೂ 2025ರ ಜುಲೈಯಲ್ಲಿ ಹವಾಮಾನದ ಬಗ್ಗೆ ಅಭಿಪ್ರಾಯ ಕೊಡುವಾಗ, ದೇಶಗಳ ಹೊಣೆ ಏನು ಅಂತ ಅರ್ಥ ಮಾಡಿಕೊಳ್ಳಲು ತಲೆಮಾರುಗಳ ನಡುವಿನ ನ್ಯಾಯವನ್ನೂ ನೋಡಬೇಕು ಅಂದಿದೆ. ನ್ಯಾಯಾಲಯದಿಂದ ಈ ಅಭಿಪ್ರಾಯ ಕೇಳಿಸಲು ಮುಂದೆ ನಿಂತು ಓಡಾಡಿದ್ದು ವನುವಾಟು ಎಂಬ ಪುಟ್ಟ ದ್ವೀಪ ದೇಶ. ಅವರ ಅಂಗಳಕ್ಕೂ ಕಡಲು ಬರುತ್ತಿದೆ ಅಲ್ವಾ! ತೀರ್ಪು ಕಟ್ಟಿಹಾಕುವ ಹಾಗೆ ಅಭಿಪ್ರಾಯ ಯಾರನ್ನೂ ಕಟ್ಟಿಹಾಕುವುದಿಲ್ಲ, ಆದರೂ ಅದನ್ನು ಮುಂದಿಟ್ಟು ವಾದಿಸಬಹುದು. ನಿಮ್ಮ ಹಿತ್ತಲಲ್ಲಿ ಬೇರು ತೋರಿಸುತ್ತಾ ವಾಲಿ ನಿಂತ ತೆಂಗು ಇದ್ದರೆ, ಸಾಕ್ಷಿಗೆ ಇರಲಿ ಅಂತ ಫೋಟೋ ತೆಗೆದು ತಾರೀಕು ಬರೆದಿಡಿ.