5ನೇ ಕ್ಲಾಸ್ ಮಕ್ಕಳಿಂದ ಜಿಯೋಥರ್ಮಲ್ ಪವರ್ ಸ್ಟೇಷನ್ ಮಾಡೆಲ್ ಮಾಡಿಸೋದು ಹೇಗೆ?

ಜಿಯೋಥರ್ಮಲ್ ಪವರ್ ಸ್ಟೇಷನ್ ಅಂದ್ರೆ ಭೂಮಿ ಒಳಗಿನ ಶಾಖದಿಂದ ಕರೆಂಟ್ ತಯಾರಿಸೋ ಜಾಗ. ಥರ್ಮೋಕೋಲ್‌ಗೆ ಬಣ್ಣ ಬಳಿದು ನಿಲ್ಲಿಸೋ ಬದಲು ಏನಾದ್ರೂ ತಿರುಗೋ ಥರ ಮಾಡ್ಸಿ, ಮಕ್ಕಳಿಗೆ ನೆನಪಿರೋದು ಅದೇ.

ಒಂದು ಟಿನ್ ಡಬ್ಬಿಲಿ ಅರ್ಧ ನೀರು ಹಾಕಿ, ಬಾಯಿಗೆ ಎರಡು ಪದರ ಅಲ್ಯೂಮಿನಿಯಂ ಫಾಯಿಲ್ ಬಿಗಿಯಾಗಿ ಸುತ್ತಿ, ಮಧ್ಯೆ ಪೆನ್ಸಿಲ್ ಮೊನೆಯಷ್ಟು ಎರಡು ತೂತು ಮಾಡಿ. ಇದೇ ಭೂಮಿ ಒಳಗಿನ ಬಿಸಿನೀರು, ತೂತು ಅಂದ್ರೆ ಬೋರ್‌ವೆಲ್. ನೀರು ಕುದ್ದಾಗ ಬರೋ ಹಬೆಗೆ ಗಿರಗಿಟ್ಲೆ ಹಿಡಿದ್ರೆ ಅದೇ ಟರ್ಬೈನ್, ಆದ್ರೆ ಪೇಪರ್‌ದು ಬೇಡ, ಹಬೆಗೆ ಒದ್ದೆಯಾಗಿ ಮುದುಡಿ ಹೋಗುತ್ತೆ, ಪಾರ್ಸೆಲ್ ಊಟ ಬರುತ್ತಲ್ಲ ಆ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಮಾಡಿ, ಉದ್ದನೆ ಕಡ್ಡಿಗೆ ಸಿಗಿಸಿ. ಒಲೆ ಹತ್ರ ಟೀಚರೇ ಇರ್ಬೇಕು, ಡಬ್ಬಿನ ಪೂರ್ತಿ ಸೀಲ್ ಮಾಡ್ಲೇಬೇಡಿ, ಸಿಡಿಯುತ್ತೆ.

ಈ ಹಬೆಗೆ ಎಲ್‌ಇಡಿ ಹತ್ತೋದು ಕಷ್ಟ, ಅಷ್ಟು ಜೋರಿರಲ್ಲ. ಬ್ಯಾಟರಿ ಬಚ್ಚಿಟ್ಟು ಹತ್ತಿಸೋರು ಇದಾರೆ, ನನಗಂತೂ ಅದು ಇಷ್ಟ ಇಲ್ಲ. ಆಟಿಕೆ ಮೋಟರ್‌ಗೆ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ಜೋಡಿಸಿ ಕೈಯಲ್ಲಿ ತಿರುಗಿಸಿದ್ರೆ ವೋಲ್ಟೇಜ್ ಬರೋದು ಕಾಣುತ್ತೆ, ಜನರೇಟರ್ ಅಂದ್ರೆ ಏನು ಅಂತ ಅರ್ಥ ಆಗೋಕೆ ಅಷ್ಟು ಸಾಕು.

ಪಕ್ಕದಲ್ಲಿ ಚಾರ್ಟ್ ಇಟ್ರೆ ತಣ್ಣಗಾದ ನೀರನ್ನ ವಾಪಸ್ ನೆಲದೊಳಗೆ ಬಿಡೋ ಎರಡನೇ ಬಾವಿ ಮರೀಬೇಡಿ, ಎಲ್ರೂ ಬಿಡೋದು ಅದನ್ನೇ. ಇಟಲಿಯ ಲಾರ್ಡೆರೆಲ್ಲೋದಲ್ಲಿ 1904ರಲ್ಲಿ ಹೀಗೇ ನೆಲದ ಹಬೆಯಿಂದ ಮೊದಲು ಹತ್ತಿಸಿದ್ದು ಬರೀ ನಾಲ್ಕೈದು ಬಲ್ಬ್ ಅಂತಾನೂ ಬರೆಸಿ. ನಮ್ಮಲ್ಲಿ ಲಡಾಖ್‌ನ ಪುಗಾ ಕಣಿವೇಲಿ ಹೀಗೆ ಕರೆಂಟ್ ತಯಾರಿಸೋ ಪ್ರಯತ್ನ ನಡೀತಿದೆ.