ಓದುಗರ ಪ್ರಶ್ನೆಗೆ ಉತ್ತರ: ಬರೆದ ಚಿತ್ರವನ್ನು ಇತಿಹಾಸವೆಂದು ನಂಬಬಹುದೆ?

ಪ್ರಶ್ನೆ: ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು, ಅವಳ ಸೋದರಮಾವ ಅಮೆರಿಕದಿಂದ ತಂದುಕೊಟ್ಟ ‘ಮಾರ್ಚ್’ ಎಂಬ ಗ್ರಾಫಿಕ್ ಕಾದಂಬರಿಯ (ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕದ) ಮೂರೂ ಸಂಪುಟಗಳನ್ನು ಓದಿ ಮುಗಿಸಿದ್ದಾಳೆ. ಅದರಲ್ಲಿರುವುದೆಲ್ಲ ನಡೆದ ಇತಿಹಾಸವೇ ಎಂದು ವಾದಿಸುತ್ತಾಳೆ. ಕಲಾವಿದನು ತಾನು ಕಾಣದ ಘಟನೆಗಳನ್ನು ಊಹಿಸಿ ಬರೆದ ಚಿತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕದ ಗತಕಾಲವನ್ನು ಕುರಿತ ಇಂಥ ಬೇರೆ ಪುಸ್ತಕಗಳಿದ್ದರೆ ತಿಳಿಸಿ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ವಾದದಲ್ಲಿ ಹುರುಳಿದೆ, ನಿಮ್ಮ ಸಂಶಯವೂ ನ್ಯಾಯವಾದದ್ದೇ. ಇಂಥ ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ, ಚಿತ್ರದಲ್ಲಿ ಕಾಣುತ್ತಿರುವುದು ಯಾರ ಕಣ್ಣಿಗೆ ಬಿದ್ದದ್ದು, ಆ ಹೊತ್ತಿನಲ್ಲಿ ಅವರು ಎಲ್ಲಿ ನಿಂತಿದ್ದರು ಎಂದು ವಿಚಾರಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

2013ರಿಂದ 2016ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ಮಾರ್ಚ್’ ನಾಗರಿಕ ಹಕ್ಕುಗಳ ಹೋರಾಟಗಾರರೂ ಅಮೆರಿಕ ಸಂಸತ್ತಿನ ಸದಸ್ಯರೂ ಆಗಿದ್ದ ಜಾನ್ ಲೂಯಿಸ್ ಅವರ ಆತ್ಮಕಥೆ. ಅವರೊಡನೆ ಆಂಡ್ರ್ಯೂ ಐಡಿನ್ ಬರವಣಿಗೆಯಲ್ಲಿ ಕೈಜೋಡಿಸಿದರು, ನೇಟ್ ಪೊವೆಲ್ ಚಿತ್ರ ಬರೆದರು. ಮೂರನೆಯ ಸಂಪುಟಕ್ಕೆ 2016ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ದೊರೆಯಿತು. ಗ್ರಾಫಿಕ್ ಕಾದಂಬರಿಯೊಂದು ಆ ಗೌರವಕ್ಕೆ ಪಾತ್ರವಾದದ್ದು ಅದೇ ಮೊದಲು. 1965ರ ಮಾರ್ಚ್ 7ರಂದು ಅಲಬಾಮದ ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದಾನದ ಹಕ್ಕಿಗಾಗಿ ಹೊರಟಿದ್ದ ಮೆರವಣಿಗೆಯ ಮೇಲೆ ಪೊಲೀಸರು ಎರಗಿದಾಗ ಪೊವೆಲ್ ಇನ್ನೂ ಹುಟ್ಟಿರಲಿಲ್ಲ. ಆದರೆ ಮೆರವಣಿಗೆಯ ಮುಂಚೂಣಿಯಲ್ಲಿದ್ದು, ಲಾಠಿಯ ಪೆಟ್ಟಿಗೆ ತಲೆಬುರುಡೆ ಬಿರುಕುಬಿಟ್ಟು ನೆಲಕ್ಕುರುಳಿದವರು ಲೂಯಿಸ್. ಪೊವೆಲ್ ತಮ್ಮ ಮಸಿಯಲ್ಲಿ ಹಿಡಿದದ್ದು ಅವರ ನೆನಪನ್ನು. ಆ ದಿನದ ಛಾಯಾಚಿತ್ರಗಳೂ ಟಿ.ವಿ. ದೃಶ್ಯಗಳೂ ಉಳಿದಿವೆಯಾದ್ದರಿಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಹೋಲಿಸಿ ನೋಡಬಹುದು.

ಚಿತ್ರಕಥೆಯೊಂದು ಇತಿಹಾಸವನ್ನು ಹೇಳುವುದಷ್ಟೇ ಅಲ್ಲದೆ ಅದರೊಳಗೇ ಪಾತ್ರವಹಿಸಿದ ಪ್ರಸಂಗವೂ ಈ ಪುಸ್ತಕದ ಹಿಂದಿದೆ. ಬಸ್ಸಿನಲ್ಲಿ ವರ್ಣಭೇದದ ವಿರುದ್ಧ ಮಾಂಟ್‌ಗೊಮರಿಯಲ್ಲಿ ನಡೆದ ಬಹಿಷ್ಕಾರವನ್ನು ಕುರಿತು 1957ರಲ್ಲಿ ‘ಫೆಲೋಶಿಪ್ ಆಫ್ ರೆಕನ್ಸಿಲಿಯೇಷನ್’ ಎಂಬ ಶಾಂತಿವಾದಿ ಸಂಸ್ಥೆ ಹತ್ತು ಸೆಂಟ್ ಬೆಲೆಯ ಸಣ್ಣ ಕಾಮಿಕ್ ಪುಸ್ತಕವೊಂದನ್ನು ಹೊರತಂದಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಕಥೆಯನ್ನು ಹೇಳುತ್ತಲೇ ಗಾಂಧೀಜಿಯವರ ಮಾರ್ಗವನ್ನೂ ವಿವರಿಸಿ, ಅಹಿಂಸೆಯಿಂದ ಹೋರಾಡುವುದು ಹೇಗೆಂದು ಹಂತಹಂತವಾಗಿ ತಿಳಿಸುತ್ತಿದ್ದ ಆ ಪುಸ್ತಕ ದಕ್ಷಿಣದ ರಾಜ್ಯಗಳ ಚರ್ಚುಗಳಲ್ಲಿ, ವಿದ್ಯಾರ್ಥಿಗಳ ನಡುವೆ ಕೈಯಿಂದ ಕೈಗೆ ಹೋಯಿತು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ಇದ್ದು ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಮರಳಿದ್ದ ಜೇಮ್ಸ್ ಲಾಸನ್ ಅವರು ನ್ಯಾಶ್‌ವಿಲ್‌ನಲ್ಲಿ ನಡೆಸಿದ ಶಿಬಿರಗಳಿಗೆ ಬಂದ ವಿದ್ಯಾರ್ಥಿಗಳಲ್ಲಿ ಲೂಯಿಸ್ ಒಬ್ಬರು. ಬೈದರೂ ಹೊಡೆದರೂ ತಿರುಗಿ ಕೈಯೆತ್ತದಿರುವುದನ್ನು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಹೀಯಾಳಿಸಿಕೊಳ್ಳುತ್ತಲೇ ಕಲಿಯುವ ಮೊದಲ ಸಂಪುಟದ ಪುಟಗಳು ನನಗೆ ಸೇತುವೆಯ ದೃಶ್ಯಕ್ಕಿಂತಲೂ ಹೆಚ್ಚು ಕಾಡುತ್ತವೆ. ಐಡಿನ್ ಅವರು ಆತ್ಮಕಥೆಯನ್ನು ಚಿತ್ರಗಳಲ್ಲೇ ಹೇಳಬೇಕೆಂದು ಪಟ್ಟುಹಿಡಿದದ್ದು, ಆ ಹತ್ತು ಸೆಂಟ್ ಪುಸ್ತಕದ ವಿಷಯವನ್ನು ಲೂಯಿಸ್ ಅವರ ಬಾಯಿಂದಲೇ ಕೇಳಿದ ಮೇಲೆ.

ಕಣ್ಣಾರೆ ಕಂಡವರೇ ಚಿತ್ರ ಬರೆದ ಪುಸ್ತಕ ಬೇಕೆಂದರೆ ಮಿನೆ ಓಕುಬೊ ಅವರ ‘ಸಿಟಿಜನ್ 13660’ ಅನ್ನು ಮೊದಲು ಓದಿ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ಶತ್ರುವಾಗಿದ್ದಾಗ, 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆದೇಶದಿಂದಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರು ಮನೆ, ಅಂಗಡಿ, ಹೊಲಗಳನ್ನು ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಕಲಾವಿದೆ ಓಕುಬೊ ಮತ್ತು ಅವರ ತಮ್ಮನನ್ನು ಮೊದಲು ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಟ್ಯಾನ್‌ಫೊರಾನ್ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿಟ್ಟು, ಆಮೇಲೆ ಯೂಟಾ ರಾಜ್ಯದ ಮರುಭೂಮಿಯ ಟೋಪಾಜ್ ಶಿಬಿರಕ್ಕೆ ಸಾಗಿಸಲಾಯಿತು. ಬಂಧಿತರು ಕ್ಯಾಮೆರಾ ಇಟ್ಟುಕೊಳ್ಳುವಂತಿರಲಿಲ್ಲ. ಓಕುಬೊ ಲೇಖನಿ ಹಿಡಿದರು. ಊಟಕ್ಕಾಗಿ ಉದ್ದನೆಯ ಸಾಲು, ಮರೆಯಿಲ್ಲದ ಶೌಚಾಲಯ, ಗೋಡೆಯ ಸಂದಿಯಿಂದ ನುಗ್ಗುವ ಧೂಳು, ಎಲ್ಲವೂ ಅಲ್ಲಿವೆ. ಹೆಚ್ಚುಕಡಿಮೆ ಪ್ರತಿ ಚಿತ್ರದಲ್ಲೂ ಅವರು ತಮ್ಮನ್ನೂ ಒಂದು ಮೂಲೆಯಲ್ಲಿ ಬರೆದುಕೊಂಡಿರುವುದರಿಂದ, ನೋಡುತ್ತಿರುವವರು ಯಾರೆಂಬ ನನ್ನ ಪ್ರಶ್ನೆಗೆ ಉತ್ತರ ಪುಟದಲ್ಲೇ ಸಿಗುತ್ತದೆ. 13660 ಎಂಬುದು ಅವರ ಕುಟುಂಬಕ್ಕೆ ಸರ್ಕಾರ ಕೊಟ್ಟ ಸಂಖ್ಯೆ. ಪುಸ್ತಕ 1946ರಲ್ಲಿ, ಅಂದರೆ ಯುದ್ಧ ಮುಗಿದ ಮರುವರ್ಷವೇ ಪ್ರಕಟವಾಯಿತು. ಇದೇ ಬಂಧನವನ್ನು ನಟ ಜಾರ್ಜ್ ಟಕೈ ತಮ್ಮ ಬಾಲ್ಯದ ನೆನಪುಗಳಿಂದ ಹೇಳಿರುವ ‘ದೇ ಕಾಲ್ಡ್ ಅಸ್ ಎನಿಮಿ’ 2019ರಲ್ಲಿ ಬಂದಿತು. ನಿಮ್ಮ ಮಗಳ ವಯಸ್ಸಿನವರಿಗೆ ಅದು ಸುಲಭವಾಗಿ ಒಗ್ಗುತ್ತದೆ.

ಸಾಕ್ಷಿ ಹೇಳುವವರೇ ಉಳಿಯದ ಘಟನೆಗಳಲ್ಲಿ ಮಾತ್ರ ನಿಮ್ಮ ಸಂಶಯಕ್ಕೆ ಪೂರ್ಣ ಬಲ ಬರುತ್ತದೆ. 1831ರಲ್ಲಿ ವರ್ಜೀನಿಯಾದಲ್ಲಿ ಗುಲಾಮರ ದಂಗೆಗೆ ಮುಂದಾಳಾಗಿದ್ದ ನ್ಯಾಟ್ ಟರ್ನರ್‌ನ ಮಾತುಗಳೆಂದು ನಮಗೆ ಸಿಕ್ಕಿರುವುದು, ಸೆರೆಯಲ್ಲಿದ್ದ ಅವನನ್ನು ಕಂಡು ಥಾಮಸ್ ಗ್ರೇ ಎಂಬ ಬಿಳಿಯ ವಕೀಲ ಬರೆದುಕೊಂಡ ಹೇಳಿಕೆ. ಕೈಲ್ ಬೇಕರ್ ತಮ್ಮ ‘ನ್ಯಾಟ್ ಟರ್ನರ್’ ಪುಸ್ತಕದಲ್ಲಿ ಮಾತುಗಳನ್ನು ಬಹುಮಟ್ಟಿಗೆ ಆ ದಾಖಲೆಯಿಂದಲೇ ಎತ್ತಿಕೊಂಡು, ಅದು ಹೇಳದೆ ಬಿಟ್ಟದ್ದನ್ನೆಲ್ಲ ಮಾತಿಲ್ಲದ ಚಿತ್ರಗಳಲ್ಲಿ ತುಂಬಿದ್ದಾರೆ. ಆ ಚಿತ್ರಗಳು ಊಹೆಯೇ ಸರಿ; ಆದರೆ ಗ್ರೇ ಬರೆದುಕೊಂಡದ್ದರಲ್ಲಿ ಟರ್ನರ್‌ನ ಮಾತೆಷ್ಟು, ವಕೀಲನ ಮಾತೆಷ್ಟು ಎಂಬುದೂ ಚರ್ಚೆಯ ವಿಷಯವೇ ಆಗಿರುವಾಗ, ಅಕ್ಷರವನ್ನು ನಂಬಿ ಚಿತ್ರವನ್ನು ಮಾತ್ರ ಶಂಕಿಸುವುದು ನ್ಯಾಯವೆನಿಸದು. ಇದರಲ್ಲಿ ಹಿಂಸೆಯ ದೃಶ್ಯಗಳು ಬಹಳ ಕಠೋರವಾಗಿವೆ. ಮಗಳಿಗೆ ಕೊಡಲು ಇನ್ನೂ ಕೆಲವು ವರ್ಷ ಕಾಯಿರಿ.

ಪ್ರಶ್ನೆ: ಬಾಲ್ಯದಲ್ಲಿ ತಮಿಳಿನಲ್ಲಿ ಓದಿದ ಟೆಕ್ಸ್, ಲಕ್ಕಿ ಲೂಕ್ ಮುಂತಾದ ಕೌಬಾಯ್ ಕಾಮಿಕ್ಸ್‌ಗಳಲ್ಲಿ ಕಾಣುವುದು ಅಮೆರಿಕದ ನಿಜವಾದ ಇತಿಹಾಸವೆ?
– ಓದುಗರೊಬ್ಬರು, ಕೋಲಾರ

ಉತ್ತರ: ಅವು ಅಮೆರಿಕದವೇ ಅಲ್ಲ. 1948ರಲ್ಲಿ ಆರಂಭವಾದ ಟೆಕ್ಸ್ ಇಟಲಿಯದು, 1946ರಲ್ಲಿ ಮೊದಲು ಕಾಣಿಸಿಕೊಂಡ ಲಕ್ಕಿ ಲೂಕ್ ಬೆಲ್ಜಿಯಂನದು. ನೆಚ್ಚಿನ ಕಥೆಗಳಾಗಿ ಅವನ್ನು ಓದಿ. ಕುದುರೆ, ಕಣಿವೆ, ಧೂಳಿನ ಬೀದಿಗಳಲ್ಲಿ ಯುರೋಪಿನವರ ಕನಸು ಬೆರೆತಿದೆ ಎಂಬುದಷ್ಟು ನೆನಪಿರಲಿ. ಅದೇ ನೆಲದ ಇತಿಹಾಸ ಬೇಕೆಂದರೆ ಟೆಕ್ಸಾಸ್‌ನವರೇ ಆದ ಜಾಕ್ ಜಾಕ್ಸನ್ 1979ರಲ್ಲಿ ಪ್ರಕಟಿಸಿದ ‘ಕಮಾಂಚೀ ಮೂನ್’ ಅನ್ನು ಹುಡುಕಿ. 1836ರಲ್ಲಿ ಆ ನೆಲದ ಮೂಲನಿವಾಸಿಗಳಾದ ಕಮಾಂಚೀ ಜನರು ಬಿಳಿಯರ ಕೋಟೆಯೊಂದರಿಂದ ಹೊತ್ತೊಯ್ದ ಹುಡುಗಿ ಸಿಂಥಿಯಾ ಆನ್ ಪಾರ್ಕರ್ ಅವರಲ್ಲೇ ಒಬ್ಬಳಾಗಿ ಬೆಳೆದು ಮದುವೆಯಾದಳು. 1860ರಲ್ಲಿ ಬಿಳಿಯರು ಅವಳನ್ನು ‘ಬಿಡಿಸಿ’ ತಂದಾಗ, ತನ್ನ ಗಂಡುಮಕ್ಕಳಿದ್ದ ಕಡೆಗೆ ಮರಳಲು ಅವಳು ಹಂಬಲಿಸಿದಳು. ಅವಳ ಮಗ ಕ್ವಾನಾ ಪಾರ್ಕರ್ ಮುಂದೆ ಕಮಾಂಚೀಗಳ ನಾಯಕನಾದ. ತಾಯಿ ಮಗನ ಈ ಕಥೆಯನ್ನು ಜಾಕ್ಸನ್ ಎರಡೂ ಕಡೆಯವರ ಕ್ರೌರ್ಯವನ್ನು ಮುಚ್ಚಿಡದೆ ಬರೆದಿದ್ದಾರೆ.